ಶುದ್ಧೀಕರಿಸಿದ ಚರಂಡಿ ನೀರಿನಲ್ಲಿ ಕಣ್ಣಿಗೆ ಕಾಣದ ರಾಸಾಯನಿಕಗಳು: ಅಳೆಯುವುದು ಹೇಗೆ? ಮೇವಿಗೆ ಹಾಯಿಸಬಹುದೇ?



ಬೇಸಿಗೆ ಬಂತೆಂದರೆ ಕುಷ್ಟಗಿ, ಯಲಬುರ್ಗಾ ಭಾಗದ ಸದಸ್ಯರಿಗೆ ಹಸಿ ಮೇವಿನ ಚಿಂತೆ ಶುರುವಾಗುತ್ತದೆ. ಗಂಗಾವತಿ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ಆಸರೆಯಿದೆ, ಭತ್ತದ ಹುಲ್ಲಿಗೆ ಬರವಿಲ್ಲ. ಮೇಲಿನ ತಾಲ್ಲೂಕುಗಳಲ್ಲಿ ಜೋಳದ ಕಣಿಕೆಯೇ ಗತಿ. ಕೊಳವೆ ಬಾವಿ ಕೊರೆಸಿದರೆ ನೀರು ಸಿಕ್ಕೀತೆಂಬ ಭರವಸೆಯಿಲ್ಲ, ಸಿಕ್ಕಿದರೂ ಹಲವು ಕಡೆ ಫ್ಲೋರೈಡ್ ಇರುತ್ತದೆ. ಇಂತಹ ಸ್ಥಿತಿಯಲ್ಲಿ ವರ್ಷದ ಹನ್ನೆರಡು ತಿಂಗಳೂ ತಪ್ಪದೆ ಹರಿಯುವ ನೀರು ಒಂದೇ, ಅದು ಪಟ್ಟಣದ ಚರಂಡಿ ನೀರು. ಅದನ್ನು ಶುದ್ಧೀಕರಿಸಿ ಮರುಬಳಕೆ ಮಾಡುವ ನೀತಿಯನ್ನು ರಾಜ್ಯ ಸರ್ಕಾರ 2017ರಲ್ಲಿಯೇ ಪ್ರಕಟಿಸಿದೆ. ಇಂದಲ್ಲ ನಾಳೆ ನಿಮ್ಮ ಊರಿನ ಮಗ್ಗುಲಿಗೂ ಆ ನೀರು ಬಂದೀತು. ಕೆಲವರು ಈಗಾಗಲೇ ಹಳ್ಳಕ್ಕೆ ಮೋಟಾರು ಇಟ್ಟು ನೇಪಿಯರ್ ಹುಲ್ಲು ಬೆಳೆಯುತ್ತಿರಬಹುದು.

ಆ ನೀರನ್ನು ಹಾಯಿಸಿದ ಹುಲ್ಲು ತಿಂದ ಎಮ್ಮೆಯ ಹಾಲಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ, ನೀರಿನಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಮೊದಲು ತಿಳಿಯಬೇಕು. ಈ ಪಾಠದಲ್ಲಿ ಆ ಅಳತೆಯ ವಿಧಾನವನ್ನೇ ವಿವರವಾಗಿ ಕೊಡಲಾಗಿದೆ. ಹಾಲಿನ ಫ್ಯಾಟ್ ಮತ್ತು ಡಿಗ್ರಿ ನೋಡಿ ಪಳಗಿದ ನಿಮಗೆ ಇದು ಕಷ್ಟವಾಗಲಾರದು.

ಹೊಸ ಮಾಲಿನ್ಯಕಾರಕಗಳೆಂದರೆ ಯಾವುವು?

ಚರಂಡಿ ನೀರೆಂದರೆ ಮಲಮೂತ್ರ, ಸೋಪು, ಅಡುಗೆ ಮನೆಯ ನೀರು ಎಂದಷ್ಟೇ ತಿಳಿಯುತ್ತೇವೆ. ಆದರೆ ನಾವು ನುಂಗುವ ಗುಳಿಗೆಯೆಲ್ಲ ಹೊಟ್ಟೆಯಲ್ಲಿಯೇ ಮುಗಿದು ಹೋಗುವುದಿಲ್ಲ. ಅದರ ಒಂದು ಪಾಲು ಮೂತ್ರದ ಮೂಲಕ ಹಾಗೆಯೇ ಹೊರಬೀಳುತ್ತದೆ. ರಕ್ತದ ಒತ್ತಡದ ಮೆಟೊಪ್ರೊಲಾಲ್, ಮೂರ್ಛೆ ರೋಗದ ಕಾರ್ಬಮೆಜಪಿನ್, ನೋವಿನ ಡೈಕ್ಲೊಫೆನಾಕ್, ಜೀವಿರೋಧಕ ಸಿಪ್ರೊಫ್ಲಾಕ್ಸಸಿನ್, ಸೋಪು ಮತ್ತು ಟೂತ್‌ಪೇಸ್ಟುಗಳಲ್ಲಿ ಬಳಕೆಯಾಗುತ್ತ ಬಂದ ಟ್ರೈಕ್ಲೊಸಾನ್, ಪ್ಲಾಸ್ಟಿಕ್ಕಿನಿಂದ ಬರುವ ಬಿಸ್ಫೆನಾಲ್-ಎ, ಹಾರ್ಮೋನುಗಳು, ಅಂಟದ ಬಾಣಲೆಯ ಲೇಪನ ಮತ್ತು ಬೆಂಕಿ ಆರಿಸುವ ನೊರೆಯಲ್ಲಿ ಬಳಸಿದ ಫ್ಲೋರಿನ್ ಸಂಯುಕ್ತಗಳು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಅನೇಕವು ಹಿಂದಿನಿಂದಲೂ ನೀರಿನಲ್ಲಿದ್ದವೇ. ಅಳೆಯುವ ಯಂತ್ರ ಬಂದ ಮೇಲೆ ಕಂಡವು, ಆದ್ದರಿಂದ ಹೊಸವು ಎಂಬ ಹೆಸರು ಬಂತು.

ಪಟ್ಟಣದ ಶುದ್ಧೀಕರಣ ಘಟಕವನ್ನು ಕಟ್ಟಿದ್ದು ಇವುಗಳಿಗಾಗಿ ಅಲ್ಲ. ಅಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ನೀರನ್ನು ತಿಳಿಗೊಳಿಸುತ್ತವೆ. ಕೆಲಸ ಸರಿಯಾಗಿದೆಯೇ ಎಂದು ನೋಡಲು ಬಿ.ಓ.ಡಿ. ಎಂಬ ಅಳತೆಯನ್ನು ಬಳಸುತ್ತಾರೆ. ಕೇಂದ್ರದ 2017ರ ಅಧಿಸೂಚನೆಯಂತೆ ಮಹಾನಗರಗಳಲ್ಲದ ಕಡೆ ಇದು ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಇನ್ನೂ ಬಿಗಿ ಮಾಡಬೇಕೆಂದು ಹೇಳಿತು. ಬಿ.ಓ.ಡಿ. ಎಂಬುದು ಡೇರಿಯಲ್ಲಿ ಮಾಡುವ ಮಿಥಿಲಿನ್ ಬ್ಲೂ ಪರೀಕ್ಷೆಯಂತೆ. ನೀಲಿ ಬಣ್ಣ ಬೇಗ ಹೋದರೆ ಹಾಲಿನಲ್ಲಿ ಕ್ರಿಮಿಗಳ ಒಟ್ಟು ಹೊರೆ ಹೆಚ್ಚು ಎಂದು ತಿಳಿಯುತ್ತದೆ, ಯಾವ ಕ್ರಿಮಿ ಎಂದು ತಿಳಿಯುವುದಿಲ್ಲ. ಅದರಂತೆಯೇ ಬಿ.ಓ.ಡಿ. ಕೊಳೆಯ ಒಟ್ಟು ಹೊರೆಯನ್ನು ಹೇಳುತ್ತದೆ, ಅದರಲ್ಲಿ ಕಾರ್ಬಮೆಜಪಿನ್ ಇದೆಯೋ ಇಲ್ಲವೋ ಹೇಳುವುದಿಲ್ಲ. ಘಟಕಗಳ ಮಿತಿಗಳ ಪಟ್ಟಿಯಲ್ಲಿ ಔಷಧಿಗಳ ಹೆಸರೇ ಇಲ್ಲ. ಔಷಧ ಕಾರ್ಖಾನೆಗಳ ತ್ಯಾಜ್ಯ ನೀರಿಗಾದರೂ ಜೀವಿರೋಧಕಗಳ ಮಿತಿ ಹಾಕಬೇಕೆಂದು 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕರಡು ಹೊರಡಿಸಿತ್ತು. 2021ರ ಆಗಸ್ಟ್‌ನ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳನ್ನು ಕೈಬಿಡಲಾಯಿತು. ಇದು ವಿಷಾದದ ಸಂಗತಿ.

ಕೋಲಾರ ಮತ್ತು ಪಟಾನ್‌ಚೆರು

ನಮ್ಮ ರಾಜ್ಯದಲ್ಲಿ ಶುದ್ಧೀಕರಿಸಿದ ನಗರದ ನೀರನ್ನು ದೊಡ್ಡ ಪ್ರಮಾಣದಲ್ಲಿ ಹಳ್ಳಿಗಳ ಕೆರೆಗೆ ತುಂಬಿಸಿದ ಮೊದಲ ಉದಾಹರಣೆ ಕೋಲಾರ ಜಿಲ್ಲೆ. ಅದು ನಮ್ಮಂತೆಯೇ ಬರದ ನಾಡು, ಹೈನುಗಾರಿಕೆಯನ್ನು ನೆಚ್ಚಿದ ಜಿಲ್ಲೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಘಟಕಗಳಲ್ಲಿ ಎರಡು ಹಂತಗಳಲ್ಲಿ ಶುದ್ಧೀಕರಿಸಿದ ನೀರು 2018ರ ಜೂನ್‌ನಲ್ಲಿ ಅಲ್ಲಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಮರು ತಿಂಗಳು ಕೆರೆಯಲ್ಲಿ ನೊರೆ ಎದ್ದಿತು. ಜನ ಗಾಬರಿಯಾದರು, ವಿಷಯ ಹೈಕೋರ್ಟಿಗೆ ಹೋಯಿತು, ನೀರು ನಿಂತಿತು. ಆಮೇಲೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಯೋಜನೆ ಮುಂದುವರಿಯಿತು. ಕೆರೆಗಳು ತುಂಬಿದವು, ಬತ್ತಿದ ಕೊಳವೆ ಬಾವಿಗಳಲ್ಲಿ ನೀರು ಏರಿತು, ರೈತರಿಗೆ ಅನುಕೂಲವಾಯಿತು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬ ಬೇಡಿಕೆ ಮಾತ್ರ ಅಲ್ಲಿನ ರೈತರಿಂದ ನಿಲ್ಲಲಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿ ಬೇರೆಯಿದೆ. ನೊರೆ ಬರುವುದು ಸೋಪಿನ ಅಂಶದಿಂದ. ಅದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಗದ್ದಲವಾಯಿತು. ನೊರೆ ಇಲ್ಲದ ತಿಳಿ ನೀರಿನಲ್ಲಿ ಔಷಧಿಯ ಅಂಶ ಇದ್ದರೆ ಯಾರೂ ಕೇಳುವುದಿಲ್ಲ. ಬಣ್ಣ, ವಾಸನೆ, ನೊರೆ ನೋಡಿ ನೀರನ್ನು ಒಪ್ಪುವುದೂ ಸಲ್ಲದು, ತಿರಸ್ಕರಿಸುವುದೂ ಸಲ್ಲದು.

ಪಕ್ಕದ ತೆಲಂಗಾಣದ ಪಟಾನ್‌ಚೆರುವಿನ ಕಥೆ ಇದಕ್ಕಿಂತ ಕಠೋರ. ಹೈದರಾಬಾದಿನ ಸಮೀಪದ ಆ ಊರಲ್ಲಿ ಸುಮಾರು 90 ಔಷಧ ತಯಾರಕರ ತ್ಯಾಜ್ಯ ನೀರು ಒಂದೇ ಘಟಕಕ್ಕೆ ಬರುತ್ತಿತ್ತು. ಸ್ವೀಡನ್ ದೇಶದ ವಿಜ್ಞಾನಿಗಳು ಆ ಘಟಕದಿಂದ ಶುದ್ಧವಾಗಿ ಹೊರಬಂದ ನೀರನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತು. ಗುಳಿಗೆ ನುಂಗಿದ ರೋಗಿಯ ರಕ್ತದಲ್ಲಿಯೂ ಅಷ್ಟು ಇರುವುದಿಲ್ಲ. ದಿನವೊಂದಕ್ಕೆ ಸುಮಾರು 45 ಕಿಲೋ ಆ ಒಂದೇ ಔಷಧಿ ಹಳ್ಳ ಸೇರುತ್ತಿತ್ತೆಂದು ಅವರು ಲೆಕ್ಕ ಹಾಕಿದರು. 500 ಮಿಲಿಗ್ರಾಂ ಗುಳಿಗೆಯ ಲೆಕ್ಕದಲ್ಲಿ ತೊಂಬತ್ತು ಸಾವಿರ ಗುಳಿಗೆಗಳಾದವು! ಇದು ಕಾರ್ಖಾನೆಯ ನೀರು. ಮನೆಗಳ ಚರಂಡಿ ನೀರಿನಲ್ಲಿ ಇದರ ಸಾವಿರದ ಒಂದು ಪಾಲೂ ಇರುವುದಿಲ್ಲ. ಆದುದರಿಂದಲೇ, ಯಾವ ನೀರು, ಅದಕ್ಕೆ ಕಾರ್ಖಾನೆಯ ನೀರು ಸೇರುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು.

ಅಳತೆಯ ಪ್ರಮಾಣ ಎಷ್ಟು ಸಣ್ಣದು?

ಮನೆಗಳ ಚರಂಡಿ ನೀರಿನಲ್ಲಿ ಈ ವಸ್ತುಗಳನ್ನು ನ್ಯಾನೋಗ್ರಾಂ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಗ್ರಾಂ ಅನ್ನು ನೂರು ಕೋಟಿ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೋಗ್ರಾಂ. ಇದನ್ನು ಊಹಿಸಲು ನಮ್ಮ ಮುನಿರಾಬಾದಿನ ಅಣೆಕಟ್ಟನ್ನೇ ತೆಗೆದುಕೊಳ್ಳೋಣ. ಹೂಳು ತುಂಬಿದ ಮೇಲೆ ತುಂಗಭದ್ರಾ ಜಲಾಶಯದಲ್ಲಿ ಹಿಡಿಯುವ ನೀರು ಸುಮಾರು 105 ಟಿ.ಎಂ.ಸಿ. ಅಂದರೆ ಹತ್ತಿರ ಹತ್ತಿರ ಮೂರು ಲಕ್ಷ ಕೋಟಿ ಲೀಟರ್. ಇಷ್ಟು ನೀರಿನಲ್ಲಿ ಮೂರು ಕಿಲೋ ಉಪ್ಪು ಸುರಿದು ಚೆನ್ನಾಗಿ ಕಲಕಿದರೆ ಪ್ರತಿ ಲೀಟರಿಗೂ ಒಂದು ನ್ಯಾನೋಗ್ರಾಂ ಬರುತ್ತದೆ. ಇಂತಹ ಅಳತೆಗಳನ್ನು ಪ್ರಯೋಗಾಲಯದವರು ದಿನನಿತ್ಯ ಮಾಡುತ್ತಾರೆ.

ಇಷ್ಟು ಸಣ್ಣ ಅಳತೆ ಹಾಲಿಗೆ ಹೊಸದೇನಲ್ಲ. ಬೂಸಲು ಹಿಡಿದ ಹಿಂಡಿಯಿಂದ ಹಾಲಿಗೆ ಬರುವ ಅಫ್ಲಾಟಾಕ್ಸಿನ್ ಎಂ-1 ಎಂಬ ವಿಷದ ಮಿತಿ ಕಿಲೋ ಹಾಲಿಗೆ ಅರ್ಧ ಮೈಕ್ರೋಗ್ರಾಂ, ಅಂದರೆ 500 ನ್ಯಾನೋಗ್ರಾಂ.

ಮಾದರಿ ತೆಗೆಯುವುದೇ ಅರ್ಧ ಕೆಲಸ

ಕರೆಯುವಾಗ ಮೊದಲ ಧಾರೆಯ ಹಾಲಿನಲ್ಲಿ ಫ್ಯಾಟ್ ತೀರಾ ಕಡಿಮೆ, ಕೊನೆಯ ಧಾರೆಯಲ್ಲಿ ಅದರ ಹಲವು ಪಟ್ಟು ಎಂಬುದು ನಿಮಗೆ ಗೊತ್ತು. ಕ್ಯಾನನ್ನು ಕಲಕದೆ ಮೇಲಿನ ಹಾಲು ತೆಗೆದು ಪರೀಕ್ಷೆ ಮಾಡಿದರೆ ಸಂಘದಲ್ಲಿ ಜಗಳವೇ ಆಗುತ್ತದೆ. ಚರಂಡಿ ನೀರಿನದೂ ಇದೇ ಕಥೆ. ಬೆಳಿಗ್ಗೆ ಏಳರ ನೀರು ಬೇರೆ, ಮಧ್ಯಾಹ್ನದ ನೀರು ಬೇರೆ. ರಾತ್ರಿ ಗುಳಿಗೆ ನುಂಗಿದವರ ಮೂತ್ರವೆಲ್ಲ ಬೆಳಿಗ್ಗೆ ಒಮ್ಮೆಲೇ ಬರುತ್ತದೆ. ಆದ್ದರಿಂದ ಒಂದು ಬಾಟಲಿ ತುಂಬಿಕೊಂಡು ಹೋದರೆ ಸಾಲದು. ಇಪ್ಪತ್ತನಾಲ್ಕು ಗಂಟೆಯೂ ನಿಗದಿತ ಅಂತರದಲ್ಲಿ ಸ್ವಲ್ಪ ಸ್ವಲ್ಪ ನೀರು ತೆಗೆದು, ಹರಿವು ಹೆಚ್ಚಿದ್ದಾಗ ಹೆಚ್ಚು, ಕಡಿಮೆ ಇದ್ದಾಗ ಕಡಿಮೆ ಸೇರಿಸಿ ಒಂದು ಮಿಶ್ರ ಮಾದರಿ ಮಾಡುತ್ತಾರೆ. ಘಟಕದೊಳಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡನ್ನೂ ತೆಗೆಯಬೇಕು. ಒಳಗೆ ಹೋದ ನೀರು ಹೊರಬರಲು ಹಿಡಿಯುವ ಗಂಟೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲವಾದರೆ ಸೋಮವಾರದ ಹಾಲನ್ನು ಮಂಗಳವಾರದ ತುಪ್ಪದೊಂದಿಗೆ ತಾಳೆ ನೋಡಿದಂತಾಗುತ್ತದೆ.

ಔಷಧಿಗಳ ಪರೀಕ್ಷೆಗೆ ಕಂದು ಬಣ್ಣದ ಗಾಜಿನ ಬಾಟಲಿ ಬೇಕು, ಏಕೆಂದರೆ ಬಿಸಿಲಿಗೆ ಕೆಲವು ಔಷಧಿಗಳು ಒಡೆದು ಹೋಗುತ್ತವೆ. ಫ್ಲೋರಿನ್ ಸಂಯುಕ್ತಗಳಿಗೆ ಗಾಜು ಆಗದು, ಅವು ಗಾಜಿಗೆ ಅಂಟಿಕೊಳ್ಳುತ್ತವೆ. ಅವಕ್ಕೆ ಬೇರೆ ಜಾತಿಯ ಪ್ಲಾಸ್ಟಿಕ್ ಬಾಟಲಿ ಬೇಕು, ಟೆಫ್ಲಾನ್ ಮುಚ್ಚಳ ಇರಕೂಡದು. ಮಾದರಿಯನ್ನು ಕೂಡಲೇ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡಬೇಕು. ನೀರಿಗೆ ಕ್ಲೋರಿನ್ ಹಾಕಿದ್ದರೆ ಅದನ್ನು ಅಡಗಿಸುವ ಮದ್ದು ಸೇರಿಸಬೇಕು, ಇಲ್ಲವಾದರೆ ದಾರಿಯುದ್ದಕ್ಕೂ ಕ್ಲೋರಿನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮಾದರಿ ತೆಗೆಯುವವರು ಕಾಫಿ ಚೆಲ್ಲಿಕೊಂಡ ಕೈಯಿಂದ ಬಾಟಲಿ ಮುಟ್ಟಬಾರದು. ನಗೆಯ ಮಾತಲ್ಲ ಇದು. ಕೆಫೀನ್ ಸಹ ಚರಂಡಿ ನೀರಿನಲ್ಲಿ ಅಳೆಯುವ ವಸ್ತುಗಳಲ್ಲೊಂದು. ಇದಕ್ಕಾಗಿಯೇ ಅದೇ ಬಾಟಲಿಯಲ್ಲಿ ಶುದ್ಧ ನೀರು ತುಂಬಿ, ಅದನ್ನೂ ಅಲ್ಲಿಗೆ ಒಯ್ದು, ತೆರೆದು ಮುಚ್ಚಿ ತಂದು ಪರೀಕ್ಷಿಸುತ್ತಾರೆ. ಆ ಖಾಲಿ ಮಾದರಿಯಲ್ಲಿಯೂ ಔಷಧಿ ಕಂಡರೆ ತಪ್ಪು ನೀರಿನದಲ್ಲ, ಕೈಯದು.

ಪ್ರಯೋಗಾಲಯದೊಳಗೆ

ಗರ್ಬರ್ ವಿಧಾನದಲ್ಲಿ ಫ್ಯಾಟ್ ನೋಡುವಾಗ 10.75 ಮಿ.ಲೀ. ಹಾಲಿಗೆ 10 ಮಿ.ಲೀ. ಗಂಧಕಾಮ್ಲ, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ತಿರುಗಿಸುತ್ತಾರೆ. ಆಮ್ಲವು ಉಳಿದುದನ್ನೆಲ್ಲ ಕರಗಿಸುತ್ತದೆ, ಫ್ಯಾಟ್ ಬೇರೆಯಾಗಿ ಮೇಲೆ ನಿಲ್ಲುತ್ತದೆ. ಮೊದಲು ಬೇರ್ಪಡಿಸು, ಆಮೇಲೆ ಓದು ಎಂಬುದು ಇದರ ತತ್ವ. ಚರಂಡಿ ನೀರಿನಲ್ಲಿಯೂ ಇದೇ ತತ್ವ.

ನೀರನ್ನು ಸೋಸಿದ ಮೇಲೆ ಅರ್ಧ ಲೀಟರಿನಷ್ಟನ್ನು ಬೆರಳುದ್ದದ ಒಂದು ಕೊಳವೆಯ ಮೂಲಕ ಹನಿ ಹನಿಯಾಗಿ ಹಾಯಿಸುತ್ತಾರೆ. ಕೊಳವೆಯೊಳಗಿನ ವಿಶೇಷ ಪುಡಿ ಔಷಧಿಯ ಕಣಗಳನ್ನು ಹಿಡಿದುಕೊಳ್ಳುತ್ತದೆ, ನೀರು ಹೊರಟು ಹೋಗುತ್ತದೆ. ಬಳಿಕ ಸ್ವಲ್ಪ ಮೆಥನಾಲ್ ಹಾಯಿಸಿ ಹಿಡಿದುದನ್ನು ಬಿಡಿಸಿಕೊಂಡು, ಆರಿಸಿ, ಒಂದು ಮಿ.ಲೀ.ಗೆ ಇಳಿಸುತ್ತಾರೆ. ಹೀಗೆ ಐನೂರು ಪಟ್ಟು ಗಟ್ಟಿಯಾಯಿತು. ಹಾಲು ಕಾಯಿಸಿ ಖೋವಾ ಮಾಡಿದರೆ ಐದಾರು ಪಟ್ಟು ಮಾತ್ರ ಗಟ್ಟಿಯಾಗುತ್ತದೆ ಎಂಬುದನ್ನು ನೆನೆದರೆ ಈ ಕೆಲಸದ ನಾಜೂಕು ತಿಳಿದೀತು.

ಆ ಒಂದು ಮಿ.ಲೀ.ಯ ಅತಿ ಸಣ್ಣ ಪಾಲನ್ನು ಯಂತ್ರಕ್ಕೆ ಕೊಡುತ್ತಾರೆ. ಯಂತ್ರದ ಮೊದಲ ಭಾಗದಲ್ಲಿ ಪ್ರತಿಯೊಂದು ವಸ್ತುವೂ ತನ್ನದೇ ನಿಮಿಷಕ್ಕೆ ಹೊರಬರುತ್ತದೆ. ಎರಡನೆಯ ಭಾಗವಾದ ಮಾಸ್ ಸ್ಪೆಕ್ಟ್ರೋಮೀಟರ್ ಅದರ ಅಣುವನ್ನು ತೂಗಿ, ಒಡೆದು, ಚೂರುಗಳನ್ನೂ ತೂಗುತ್ತದೆ. ಹೊರಬಂದ ನಿಮಿಷ, ಅಣುವಿನ ತೂಕ, ಎರಡು ಚೂರುಗಳ ತೂಕ, ಆ ಚೂರುಗಳ ಅನುಪಾತ ಇವೆಲ್ಲ ಹೊಂದಿದರೆ ಮಾತ್ರ ಇದು ಡೈಕ್ಲೊಫೆನಾಕ್ ಎಂದು ಒಪ್ಪುತ್ತಾರೆ. ಲ್ಯಾಕ್ಟೋಮೀಟರ್ ಒಂದನ್ನೇ ನಂಬಿದರೆ ಏನಾಗುತ್ತದೆಂಬುದು ನಿಮಗೆ ಗೊತ್ತೇ ಇದೆ. ಕೆನೆ ತೆಗೆದು ನೀರು ಬೆರೆಸಿದರೂ ಡಿಗ್ರಿ ಸರಿಯಾಗಿಯೇ ಕಾಣುತ್ತದೆ. ಒಂದು ಸಾಕ್ಷಿಯನ್ನು ಮೋಸಗೊಳಿಸಬಹುದು, ನಾಲ್ಕು ಸಾಕ್ಷಿಯನ್ನು ಒಟ್ಟಿಗೆ ಮೋಸಗೊಳಿಸುವುದು ಕಷ್ಟ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಕೊಳವೆಯಲ್ಲಿ ಸ್ವಲ್ಪ ಔಷಧಿ ಉಳಿದು ಹೋಗುತ್ತದೆ, ಸೋಸುವಾಗ ಸ್ವಲ್ಪ ಹೋಗುತ್ತದೆ. ಅಲ್ಲದೆ ಚರಂಡಿ ನೀರಿನ ಇತರ ಕೊಳೆ ಯಂತ್ರದ ಕಿವಿಯನ್ನು ಮಂದ ಮಾಡುತ್ತದೆ. ಹಾಗಾದರೆ ಬಂದ ಸಂಖ್ಯೆಯನ್ನು ನಂಬುವುದು ಹೇಗೆ? ಇದಕ್ಕೊಂದು ಜಾಣ ಉಪಾಯವಿದೆ. ನಮ್ಮ ಕುಷ್ಟಗಿ ಕಡೆಯ ಕುರಿಗಾರರ ಲೆಕ್ಕದಲ್ಲಿ ಹೇಳುವುದಾದರೆ, ಬೆಳಿಗ್ಗೆ ಎಣಿಸದ ಒಂದು ಹಿಂಡಿಗೆ ಬಣ್ಣ ಹಚ್ಚಿದ 100 ಕುರಿಗಳನ್ನು ಸೇರಿಸಿ ಬಿಡಿ. ಸಂಜೆ ಬಣ್ಣದ ಕುರಿ 70 ಮಾತ್ರ ಬಂದವು, ಬಣ್ಣವಿಲ್ಲದವು 140 ಬಂದವು ಎನ್ನಿ. ದಾರಿಯಲ್ಲಿ ನೂರಕ್ಕೆ ಮೂವತ್ತು ತಪ್ಪಿದವು ಎಂದು ಬಣ್ಣದ ಕುರಿಗಳು ಹೇಳಿದವು. ಆದ್ದರಿಂದ ಬೆಳಿಗ್ಗೆ ಹಿಂಡಿನಲ್ಲಿ ಇದ್ದವು 200. ಪ್ರಯೋಗಾಲಯದಲ್ಲಿಯೂ ಹೀಗೆಯೇ ಮಾಡುತ್ತಾರೆ. ಅದೇ ಔಷಧಿಯನ್ನು ಸ್ವಲ್ಪ ಭಾರವಾದ ಜಲಜನಕದಿಂದ ತಯಾರಿಸಿ, ಗೊತ್ತಾದ ಪ್ರಮಾಣದಲ್ಲಿ ಮೊದಲೇ ಮಾದರಿಗೆ ಬೆರೆಸುತ್ತಾರೆ. ಗುಣದಲ್ಲಿ ಎರಡೂ ಒಂದೇ, ತೂಕ ಮಾತ್ರ ಬೇರೆ. ಯಂತ್ರ ಎರಡನ್ನೂ ಬೇರೆ ಬೇರೆ ಎಣಿಸುತ್ತದೆ. ಬಣ್ಣದ ಕುರಿ ಎಷ್ಟು ತಪ್ಪಿತೋ ನಮ್ಮ ಕುರಿಯೂ ಅಷ್ಟೇ ತಪ್ಪಿದೆ ಎಂದು ಲೆಕ್ಕ ಸರಿಪಡಿಸುತ್ತಾರೆ. ಇಡೀ ವಿಧಾನದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಭಾಗ ಇದು.

ಅಳೆದಾಗ ಕಂಡದ್ದೇನು?

ಬೇರೆ ಬೇರೆ ದೇಶಗಳಲ್ಲಿ ಅಳೆದಾಗ ಮತ್ತೆ ಮತ್ತೆ ಕಂಡುಬಂದ ಸಂಗತಿಯೆಂದರೆ, ಎಲ್ಲ ವಸ್ತುಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಪ್ಯಾರಾಸಿಟಮಾಲ್, ಕೆಫೀನ್‌ಗಳನ್ನು ಸೂಕ್ಷ್ಮಜೀವಿಗಳು ಶೇ. 90ಕ್ಕಿಂತ ಹೆಚ್ಚು ತಿಂದು ಮುಗಿಸುತ್ತವೆ. ಟ್ರೈಕ್ಲೊಸಾನ್ ಹೆಚ್ಚಾಗಿ ಕೆಸರಿಗೆ ಅಂಟುತ್ತದೆ, ಅಂದರೆ ನೀರಿನಿಂದ ಹೋದರೂ ಕೆಸರಿನಲ್ಲಿ ಉಳಿಯುತ್ತದೆ. ಡೈಕ್ಲೊಫೆನಾಕ್ ಅರ್ಧಂಬರ್ಧ ಹೋಗುತ್ತದೆ. ಕಾರ್ಬಮೆಜಪಿನ್ ಹೋಗುವುದೇ ಇಲ್ಲ ಎನ್ನಬಹುದು. ಕೆಲವೊಮ್ಮೆ ಒಳಹೋದ ನೀರಿಗಿಂತ ಹೊರಬಂದ ನೀರಿನಲ್ಲಿಯೇ ಅದು ಹೆಚ್ಚಾಗಿ ಕಾಣುತ್ತದೆ! ಯಂತ್ರದ ತಪ್ಪಲ್ಲ. ದೇಹವು ಔಷಧಿಗೆ ಸಕ್ಕರೆಯ ಜಾತಿಯ ಒಂದು ಮುಖವಾಡ ತೊಡಿಸಿ ಹೊರಹಾಕುತ್ತದೆ, ಘಟಕದ ಸೂಕ್ಷ್ಮಜೀವಿಗಳು ಆ ಮುಖವಾಡವನ್ನು ಕಿತ್ತು ಹಾಕುತ್ತವೆ, ಆಗ ಮೂಲ ಔಷಧಿ ಮತ್ತೆ ಬಯಲಾಗುತ್ತದೆ.

ಇದನ್ನು ತಿಳಿದೇ ಸ್ವಿಟ್ಜರ್ಲೆಂಡ್ ದೇಶ 2016ರಿಂದ ಓಝೋನ್ ಅಥವಾ ಇದ್ದಿಲಿನ ಹೆಚ್ಚಿನ ಹಂತವನ್ನು ಆಯ್ದ ಘಟಕಗಳಿಗೆ ಕಡ್ಡಾಯ ಮಾಡಿತು. ಯುರೋಪಿನ ಒಕ್ಕೂಟವೂ 2024ರ ಹೊಸ ಕಾನೂನಿನಲ್ಲಿ ಕಾರ್ಬಮೆಜಪಿನ್, ಡೈಕ್ಲೊಫೆನಾಕ್, ಮೆಟೊಪ್ರೊಲಾಲ್ ಮುಂತಾದ ಗುರುತಿನ ವಸ್ತುಗಳನ್ನು ಹೆಸರಿಸಿ, ದೊಡ್ಡ ಘಟಕಗಳು ಅವುಗಳನ್ನು ಶೇ. 80ರಷ್ಟು ತೆಗೆಯಬೇಕೆಂದು ವಿಧಿಸಿದೆ.

ಹಾಲಿಗೆ ಬರುತ್ತದೆಯೇ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಾರ್ಬಮೆಜಪಿನ್ ಗಿಡದ ಬೇರಿನಿಂದ ಎಲೆಗೆ ಏರುತ್ತದೆ. ಇಸ್ರೇಲಿನಲ್ಲಿ 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಶುದ್ಧೀಕರಿಸಿದ ಚರಂಡಿ ನೀರಿನಿಂದ ಬೆಳೆದ ತರಕಾರಿ ತಿಂದವರ ಮೂತ್ರದಲ್ಲಿ ಆ ಔಷಧಿ ಕಂಡುಬಂತು. ಹಾಗೆಂದು ಬೆಚ್ಚಿಬೀಳುವ ಮುನ್ನ ಸಣ್ಣ ಲೆಕ್ಕವೊಂದನ್ನು ಮಾಡೋಣ. ನೀರಿನಲ್ಲಿ ಲೀಟರಿಗೆ 1000 ನ್ಯಾನೋಗ್ರಾಂ ಇದೆಯೆಂದೇ ಹಿಡಿಯಿರಿ. ಹಸು ಅದನ್ನು ನೇರವಾಗಿ ದಿನಕ್ಕೆ 70 ಲೀಟರ್ ಕುಡಿದರೂ ಒಳಗೆ ಹೋಗುವುದು 0.07 ಮಿಲಿಗ್ರಾಂ. ಮೂರ್ಛೆ ರೋಗಿ ನುಂಗುವ 200 ಮಿಲಿಗ್ರಾಂನ ಒಂದು ಗುಳಿಗೆಯಷ್ಟಾಗಲು ಹಸು ಸುಮಾರು ಎಂಟು ವರ್ಷ ಕುಡಿಯಬೇಕು. ಇಂತಹ ವಸ್ತುವಿನಿಂದ ಹಾಲು ಕೆಡುತ್ತದೆ ಎನ್ನಲಾಗದು.

ಅದೇ ಲೆಕ್ಕವನ್ನು ಕೊಟ್ಟಿಗೆಗೆ ಹಾಕಿ ನೋಡಿ. ಹಾಲಿನಲ್ಲಿ ಪೆನಿಸಿಲಿನ್‌ನ ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿ ಕಿಲೋಗೆ 4 ಮೈಕ್ರೋಗ್ರಾಂ. ಅಂದರೆ ಕೇವಲ ಒಂದು ಮಿಲಿಗ್ರಾಂ ಪೆನಿಸಿಲಿನ್ ಸುಮಾರು 250 ಲೀಟರ್ ಹಾಲನ್ನು ಮಿತಿಯ ಅಂಚಿಗೆ ತರುತ್ತದೆ. ಕೆಚ್ಚಲು ಬಾವಿಗೆ ಮದ್ದು ಕೊಡಿಸಿ, ವೈದ್ಯರು ಹೇಳಿದ ದಿನಗಳು ಕಳೆಯುವ ಮೊದಲೇ ಸಂಘಕ್ಕೆ ಹಾಕಿದ ಒಬ್ಬರ ಹಾಲು ಇಡೀ ಬಲ್ಕ್ ಕೂಲರಿನ ಹಾಲನ್ನು ಕೆಡಿಸಬಲ್ಲುದು. ಚರಂಡಿಯ ನ್ಯಾನೋಗ್ರಾಂಗೆ ಹೆದರಿ ಕೊಟ್ಟಿಗೆಯ ಮಿಲಿಗ್ರಾಂ ಮರೆಯುವುದು ತಲೆಕೆಳಗಾದ ಎಚ್ಚರಿಕೆ.

ಹಾಗಿದ್ದರೂ ಎರಡು ಸಂಗತಿಗಳನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಒಂದು, ಜೀವಿರೋಧಕಗಳು. ಸಣ್ಣ ಪ್ರಮಾಣದಲ್ಲಿ ಸದಾ ಇದ್ದರೆ ಅವು ಕ್ರಿಮಿಗಳನ್ನು ಕೊಲ್ಲದೆ ಪಳಗಿಸುತ್ತವೆ. ಆಗ ಕೆಚ್ಚಲು ಬಾವಿಗೆ ಹಿಂದೆ ಹಿಡಿಯುತ್ತಿದ್ದ ಮದ್ದು ಹಿಡಿಯದೆ ಹೋಗುತ್ತದೆ.

ಎರಡನೆಯದು ಫ್ಲೋರಿನ್ ಸಂಯುಕ್ತಗಳು. ಇವು ಒಡೆಯುವುದಿಲ್ಲ, ಮಣ್ಣಿನಲ್ಲಿ ವರ್ಷಾನುಗಟ್ಟಲೆ ಉಳಿಯುತ್ತವೆ, ಮೇವಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ಬರುತ್ತವೆ. ಅಮೆರಿಕದ ಮೇಯ್ನ್ ರಾಜ್ಯದ ಆರುಂಡೆಲ್ ಎಂಬಲ್ಲಿ ಒಂದು ಹೈನು ಕುಟುಂಬ ಪಟ್ಟಣದ ಘಟಕದ ಕೆಸರನ್ನು ಗೊಬ್ಬರವೆಂದು ಹುಲ್ಲಿನ ಹೊಲಗಳಿಗೆ ಅನೇಕ ವರ್ಷ ಹಾಕಿಸಿಕೊಂಡಿತ್ತು. ಅಧಿಕಾರಿಗಳ ಒಪ್ಪಿಗೆಯಿಂದಲೇ ಅದು ನಡೆದಿತ್ತು. 2016ರ ಸುಮಾರಿಗೆ ಪರೀಕ್ಷಿಸಿದಾಗ ಹಾಲಿನಲ್ಲಿ ಲೀಟರಿಗೆ ಸಾವಿರಕ್ಕೂ ಹೆಚ್ಚು ನ್ಯಾನೋಗ್ರಾಂ ಈ ವಸ್ತು ಸಿಕ್ಕಿತು. ಆ ರಾಜ್ಯ ಮುಂದೆ ನಿಗದಿಪಡಿಸಿದ ಮಿತಿ 210 ನ್ಯಾನೋಗ್ರಾಂ. ತಲೆಮಾರುಗಳಿಂದ ಬಂದ ಹಾಲಿನ ವ್ಯಾಪಾರ ನಿಂತಿತು. ಮೇವು ಬದಲಿಸಿದರೆ ಹಸುವಿನ ಹಾಲಿನಲ್ಲಿ ಕೆಲವು ತಿಂಗಳಲ್ಲಿ ಪ್ರಮಾಣ ಇಳಿಯುತ್ತದೆ, ಹೊಲವನ್ನು ಬದಲಿಸುವುದು ಹೇಗೆ? ಬಳಿಕ ಇನ್ನೂ ಹಲವು ಹೊಲಗಳು ಹೀಗೆಯೇ ಸಿಕ್ಕಿದವು. 2022ರಲ್ಲಿ ಮೇಯ್ನ್ ರಾಜ್ಯ ಹೊಲಕ್ಕೆ ಕೆಸರು ಹಾಕುವುದನ್ನೇ ನಿಷೇಧಿಸಿತು. ಆ ಕುಟುಂಬ ಮಾಡಿದ ತಪ್ಪೇನೂ ಇರಲಿಲ್ಲ. ಅಳತೆ ಮಾಡುವವರು ತಡವಾಗಿ ಬಂದರು, ಅಷ್ಟೇ.

ಸದಸ್ಯರು ಮಾಡಬೇಕಾದದ್ದು

ಶುದ್ಧೀಕರಿಸದ ಹಸಿ ಚರಂಡಿ ನೀರನ್ನು ಮೇವಿಗೆ ಹಾಯಿಸಲೇಬಾರದು. ಇಲ್ಲಿನ ಭಯ ನ್ಯಾನೋಗ್ರಾಂ ಔಷಧಿಯದಲ್ಲ, ಜಂತುಹುಳುವಿನ ಮೊಟ್ಟೆ ಮತ್ತು ರೋಗದ ಕ್ರಿಮಿಗಳದು. ವಿಶ್ವ ಆರೋಗ್ಯ ಸಂಸ್ಥೆಯ 1989ರ ಮಾರ್ಗಸೂಚಿಯಲ್ಲಿ ಮೇವಿನ ಬೆಳೆಗೆ ಹಾಯಿಸುವ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತುಹುಳುವಿನ ಮೊಟ್ಟೆ ಇರಬಾರದೆಂದಿದೆ. ನೀರನ್ನು ಹೊಂಡಗಳಲ್ಲಿ 8ರಿಂದ 10 ದಿನ ನಿಲ್ಲಿಸಿದರೆ ಮೊಟ್ಟೆಗಳು ತಳಕ್ಕೆ ಇಳಿಯುತ್ತವೆ. ಯಂತ್ರವಿಲ್ಲದ, ಖರ್ಚಿಲ್ಲದ ಉಪಾಯ ಇದು.

ಶುದ್ಧೀಕರಿಸಿದ ನೀರಾದರೆ ಬೆಳೆಗೆ ಬಳಸಬಹುದು, ದನಗಳಿಗೆ ಕುಡಿಸಬಾರದು. ಕೊಯ್ಲಿಗೆ ಎರಡು ವಾರ ಮುಂಚೆ ಆ ನೀರನ್ನು ನಿಲ್ಲಿಸಿ, ಹುಲ್ಲನ್ನು ಬುಡದಿಂದ ಒಂದು ಗೇಣು ಬಿಟ್ಟು ಕೊಯ್ದು, ಬಿಸಿಲಿಗೆ ಬಾಡಿಸಿ ಹಾಕಿರಿ. ಅಂತಹ ಹೊಲದಲ್ಲಿ ದನಗಳನ್ನು ಬಿಟ್ಟು ಮೇಯಿಸಬೇಡಿರಿ, ಹುಲ್ಲಿನೊಂದಿಗೆ ಮಣ್ಣೂ ಹೊಟ್ಟೆಗೆ ಹೋಗುತ್ತದೆ. ಕೊಪ್ಪಳ ತಾಲ್ಲೂಕಿನಂತೆ ಕಾರ್ಖಾನೆಗಳು ಹತ್ತಿರ ಇರುವ ಕಡೆ, ಘಟಕಕ್ಕೆ ಮನೆಗಳ ನೀರು ಮಾತ್ರ ಬರುತ್ತದೆಯೇ ಎಂದು ಪುರಸಭೆ ಅಥವಾ ನಗರಸಭೆಯನ್ನು ಲಿಖಿತವಾಗಿ ಕೇಳಿರಿ. ಒಬ್ಬರು ಕೇಳುವುದಕ್ಕಿಂತ ಸಂಘದ ಆಡಳಿತ ಮಂಡಳಿಯ ಠರಾವಿನ ಮೂಲಕ ಕೇಳುವುದು ಉತ್ತಮ. ಘಟಕದ ಕೆಸರನ್ನು ಪುಕ್ಕಟೆ ಗೊಬ್ಬರವೆಂದು ಟ್ರ್ಯಾಕ್ಟರಿನಲ್ಲಿ ತಂದುಕೊಟ್ಟರೆ, ವರದಿ ಇಲ್ಲದೆ ತೆಗೆದುಕೊಳ್ಳಬೇಡಿರಿ. ನಿಮ್ಮ ತಿಪ್ಪೆಯ ಗೊಬ್ಬರವೇ ಲೇಸು.

ನಮ್ಮ ಕಡೆಯಿಂದ ಹಳ್ಳಕ್ಕೆ ಹೋಗುವ ಔಷಧಿಯನ್ನೂ ತಡೆಯಬೇಕು. ಉಳಿದ ಮದ್ದಿನ ಬಾಟಲಿ, ಅವಧಿ ಮೀರಿದ ಇಂಜೆಕ್ಷನ್‌ಗಳನ್ನು ಮೋರಿಗೆ ಚೆಲ್ಲದೆ ಪಶು ಆಸ್ಪತ್ರೆಯವರನ್ನು ಕೇಳಿರಿ. ದನಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು 2006ರಲ್ಲಿಯೇ ನಿಷೇಧಿಸಲಾಗಿದೆ. ಅದನ್ನು ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ದೇಶದಲ್ಲಿ ರಣಹದ್ದಿನ ಸಂತತಿಯೇ ಅಳಿವಿನ ಅಂಚಿಗೆ ಬಂದದ್ದು ಹೀಗೆ. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳನ್ನೂ ದನಗಳ ಬಳಕೆಗೆ ನಿಷೇಧಿಸಲಾಯಿತು. ಬದಲಿಗೆ ಮೆಲಾಕ್ಸಿಕಾಮ್ ಇದೆ, ವೈದ್ಯರ ಸಲಹೆಯಂತೆ ಕೊಡಿಸಿರಿ.

ವರದಿ ಕೈಗೆ ಬಂದರೆ ಓದುವ ರೀತಿ

ನೀರಿನ ವರದಿ ಕೊಡಿ ಎಂದು ಕೇಳಿದರೆ ಸಾಮಾನ್ಯವಾಗಿ ಬಿ.ಓ.ಡಿ., ಕೋಲಿಫಾರ್ಮ್ ಇರುವ ಹಾಳೆಯನ್ನು ಕೊಡುತ್ತಾರೆ. ಅದು ಬೇಕೇ ಬೇಕು, ಆದರೆ ಔಷಧಿಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಔಷಧಿಗಳ ಪರೀಕ್ಷೆ ಎಲ್ಲ ಪ್ರಯೋಗಾಲಯಗಳಲ್ಲಿ ಆಗುವುದಿಲ್ಲ, ಖರ್ಚೂ ಹೆಚ್ಚು. ಒಬ್ಬ ರೈತ ಮಾಡಿಸುವ ಕೆಲಸವಲ್ಲ ಇದು, ನೀರು ಕೊಡುವವರು ಮಾಡಿಸತಕ್ಕದ್ದು. ಪ್ರಯೋಗಾಲಯಕ್ಕೆ ಎನ್.ಎ.ಬಿ.ಎಲ್. ಮಾನ್ಯತೆ ಇದ್ದರೆ ಸಾಲದು, ಆ ನಿರ್ದಿಷ್ಟ ಪರೀಕ್ಷೆಗೇ ಮಾನ್ಯತೆ ಇದೆಯೇ ಎಂದು ನೋಡಬೇಕು.

ವರದಿಯಲ್ಲಿ ಒಂದು ವಸ್ತುವಿನ ಮುಂದೆ 'ಪತ್ತೆಯಾಗಲಿಲ್ಲ' ಎಂದು ಬರೆದಿದ್ದರೆ ಅದು ಸೊನ್ನೆ ಎಂದಲ್ಲ. ಆ ಯಂತ್ರ ಎಷ್ಟರವರೆಗೆ ಕಾಣಬಲ್ಲದು ಎಂಬ ಸಂಖ್ಯೆ ಪಕ್ಕದಲ್ಲಿಯೇ ಇರಬೇಕು. 10 ನ್ಯಾನೋಗ್ರಾಂ ಕಾಣಬಲ್ಲ ಯಂತ್ರಕ್ಕೆ ಪತ್ತೆಯಾಗದಿದ್ದರೆ ಒಂದು ಅರ್ಥ, 10,000 ನ್ಯಾನೋಗ್ರಾಂಗಿಂತ ಕೆಳಗೆ ಕಾಣದ ಯಂತ್ರಕ್ಕೆ ಪತ್ತೆಯಾಗದಿದ್ದರೆ ಬೇರೆಯೇ ಅರ್ಥ. ಬಣ್ಣದ ಕುರಿಗಳು ಎಷ್ಟು ವಾಪಸು ಬಂದವು ಎಂಬ ಶೇಕಡಾವಾರು, ಖಾಲಿ ಮಾದರಿಯ ಫಲಿತಾಂಶ, ಮಾದರಿ ಒಂದೇ ಬಾರಿ ತೆಗೆದದ್ದೋ ದಿನವಿಡೀ ತೆಗೆದದ್ದೋ ಎಂಬುದನ್ನೂ ಕೇಳಿ ಬರೆಸಿಕೊಳ್ಳಿರಿ. ಮಳೆಗಾಲದಲ್ಲಿ ತೆಗೆದ ಮಾದರಿಯೊಂದನ್ನೇ ತೋರಿಸಿದರೆ ಒಪ್ಪಬೇಡಿರಿ. ಮಳೆ ನೀರು ಸೇರಿ ಎಲ್ಲವೂ ತೆಳುವಾಗಿ ಕಾಣುತ್ತದೆ. ನೀವು ಆ ನೀರನ್ನು ಹಾಯಿಸುವುದು ಏಪ್ರಿಲ್, ಮೇ ತಿಂಗಳಲ್ಲಿ. ಆ ತಿಂಗಳುಗಳ ವರದಿಯೂ ಬೇಕು.